ದುಡ್ಡು ಎಲ್ಲಿಂದ ತಂದಿರಿ?

(ಒಬ್ಬರು ಮಂಡ್ಯ ಕಡೆಯ ಹಳ್ಳಿಯೊಂದರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ, ಜನರ ಬಾಯಲ್ಲಿ ‘ಸೊಸೈಟಿ’ಯ, ಕಾರ್ಯದರ್ಶಿ. ಇನ್ನೊಬ್ಬಳು ಅವರ ಅಣ್ಣನ ಮಗಳು. ಆಸ್ಪತ್ರೆ, ಔಷಧಿ ಖರ್ಚು ಮನೆಗಳ ಮೇಲೆ ಎಷ್ಟು ಭಾರ ಹಾಕುತ್ತದೆ ಎಂಬುದನ್ನು ಅಳೆಯುವುದೇ ಅವಳ ಸಂಶೋಧನೆ. ಸಂಘದ ಕಚೇರಿಯಲ್ಲಿ ಮಧ್ಯಾಹ್ನದ ಹೊತ್ತು ನಡೆದ ಮಾತು ಇದು.)

ಕಾರ್ಯದರ್ಶಿ: ಆಸ್ಪತ್ರೆ ಖರ್ಚನ್ನ ಅಳೀತೀನಿ ಅಂತೀಯ. ಅದರಲ್ಲಿ ಅಳೆಯೋದು ಏನಿದೆಯಮ್ಮ? ಬಿಲ್ಲು ಕೊಡ್ತಾರೆ, ಕೂಡಿದರೆ ಆಯ್ತು.

ಸಂಶೋಧಕಿ: ಖರ್ಚು ಕೂಡಬಹುದು ಚಿಕ್ಕಪ್ಪ. ಹೊರೆ ಬೇರೆ. ನಲವತ್ತು ಸಾವಿರದ ಬಿಲ್ಲು ಮಂಡ್ಯದ ಅಂಗಡಿ ಮಾಲೀಕರ ಮನೆಗೂ ಬರುತ್ತೆ, ಕಬ್ಬು ಕಡಿಯೋಕೆ ಬಂದವರ ಮನೆಗೂ ಬರುತ್ತೆ. ಅದಕ್ಕೇ ಖರ್ಚನ್ನ ಮನೆಯ ಒಟ್ಟು ಖರ್ಚಿನ ಜೊತೆ ಇಟ್ಟು ನೋಡ್ತೀವಿ. ಮನೆಯವರು ವರ್ಷಕ್ಕೆ ಊಟ, ಬಟ್ಟೆ, ಶಾಲೆ, ಬಸ್ಸು ಎಲ್ಲ ಸೇರಿ ಮಾಡುವ ಖರ್ಚಿನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಆರೋಗ್ಯಕ್ಕೇ ಹೋದರೆ ಒಂದು ಗೆರೆ ದಾಟಿತು ಅಂತ ಲೆಕ್ಕ. ನೂರಕ್ಕೆ ಇಪ್ಪತ್ತೈದು ದಾಟಿದರೆ ಇನ್ನೊಂದು ಗೆರೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಬಹಳ ಕಾಲ ಇದ್ದದ್ದು ಈ ಎರಡು ಗೆರೆಗಳೇ. ದಾಟಿದ್ದನ್ನ ನಾವು ‘ಮನೆ ಮುಳುಗಿಸುವ ವೆಚ್ಚ’ ಅಂತೀವಿ.

ಕಾರ್ಯದರ್ಶಿ: ಹತ್ತು ಯಾಕೆ? ಎಂಟು ಯಾಕಲ್ಲ, ಹನ್ನೆರಡು ಯಾಕಲ್ಲ?

ಸಂಶೋಧಕಿ: ಅದಕ್ಕೆ ಶಾಸ್ತ್ರದಲ್ಲಿ ಉತ್ತರ ಇಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೀಬೇಕು, ಎಳೆದರು. ಆದರೂ ಹತ್ತು ಅಂದರೆ ಎಷ್ಟು ದೊಡ್ಡದು ಅಂತ ಒಂದು ಸಲ ಲೆಕ್ಕ ಹಾಕಿ ನೋಡೋಣ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚದ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ತಲಾ ತಿಂಗಳ ಖರ್ಚು 4,122 ರೂಪಾಯಿ. ನಾಲ್ಕು ಜನರ ಮನೆ ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಎರಡು ಲಕ್ಷ. ಹತ್ತನೇ ಒಂದು ಪಾಲು ಇಪ್ಪತ್ತು ಸಾವಿರ. ಇನ್ನು 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ, ಹಳ್ಳಿಯವರು ಖಾಸಗಿ ಆಸ್ಪತ್ರೆಗೆ ಒಂದು ಸಲ ಸೇರಿದರೆ ಸರಾಸರಿ 27,347 ರೂಪಾಯಿ ಖರ್ಚಾಗಿತ್ತು. ಸರ್ಕಾರಿ ಆಸ್ಪತ್ರೆಯಾದರೆ 4,290. ಅದು 2023-24ಕ್ಕಿಂತ ಐದಾರು ವರ್ಷ ಹಿಂದಿನ ಬೆಲೆ. ಆ ಹಳೇ ಬೆಲೆಯಲ್ಲೇ, ಮನೆಯಲ್ಲಿ ಒಬ್ಬರು ಒಂದು ಸಲ ಖಾಸಗಿ ಆಸ್ಪತ್ರೆಗೆ ಸೇರಿದರೆ ಸಾಕು, ಸಾಧಾರಣ ಮನೆ ಗೆರೆ ದಾಟುತ್ತೆ.

ಕಾರ್ಯದರ್ಶಿ: ಇದು ನಮಗೆ ಗೊತ್ತಿರೋದೇ. ಸಮೀಕ್ಷೆ ಬೇಕಿರಲಿಲ್ಲ.

ಸಂಶೋಧಕಿ: ನಿಮಗೆ ಗೊತ್ತು. ದಿಲ್ಲಿಗೆ ಗೊತ್ತಾಗೋಕೆ ಸಮೀಕ್ಷೆ ಬೇಕು.

ಕಾರ್ಯದರ್ಶಿ: ಆಯ್ತು. ಆದರೆ ನೂರಕ್ಕೆ ಹತ್ತು ಅನ್ನೋದು ನನಗೆ ಒಪ್ಪಿಗೆ ಇಲ್ಲ. ಉಳ್ಳವರ ಮನೆಯ ಹತ್ತೂ, ಇಲ್ಲದವರ ಮನೆಯ ಹತ್ತೂ ಒಂದೇನಾ? ಒಂದು ಕಡೆ ಹೋಗೋದು ಮದುವೆ ಊಟದಲ್ಲಿ ಒಂದು ಸಿಹಿ. ಇನ್ನೊಂದು ಕಡೆ ಹೋಗೋದು ಸೊಸೈಟಿಯಿಂದ ತರೋ ಅಕ್ಕಿ.

ಸಂಶೋಧಕಿ: ಈ ಆಕ್ಷೇಪಣೆ ನಿಮಗಿಂತ ಮೊದಲೇ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕೆ ಷೂ ಮತ್ತು ಅವರ ಜೊತೆಯವರು 2003ರಲ್ಲಿ 59 ದೇಶಗಳ ಸಮೀಕ್ಷೆಗಳನ್ನ ಒಟ್ಟಿಗೆ ಹರಡಿಕೊಂಡು ಬೇರೆ ಅಳತೆ ಹಾಕಿದರು. ಮೊದಲು ಜೀವ ಹಿಡಿದಿಡೋಕೆ ಬೇಕಾದ ಊಟದ ಖರ್ಚು ಕಳೀಬೇಕು. ಉಳಿದದ್ದು ಆ ಮನೆಯ ‘ಕೊಡುವ ಶಕ್ತಿ’. ಅದರಲ್ಲಿ ನೂರಕ್ಕೆ ನಲವತ್ತರಷ್ಟು ಆರೋಗ್ಯಕ್ಕೆ ಹೋದರೆ ಮನೆ ಮುಳುಗಿತು ಅಂತ. ಈಗ ನೋಡಿ, ಒಂದು ಮನೆ ತಿಂಗಳಿಗೆ ಎಂಟು ಸಾವಿರ ಖರ್ಚು ಮಾಡುತ್ತೆ, ಊಟಕ್ಕೇ ಐದೂವರೆ ಹೋಗುತ್ತೆ, ಉಳಿಯೋದು ಎರಡೂವರೆ ಸಾವಿರ. ಇನ್ನೊಂದು ಮನೆ ಎಂಬತ್ತು ಸಾವಿರ ಖರ್ಚು ಮಾಡುತ್ತೆ, ಊಟಕ್ಕೆ ಹದಿನಾರು, ಉಳಿಯೋದು ಅರವತ್ನಾಲ್ಕು. ಇಬ್ಬರೂ ಹತ್ತನೇ ಒಂದು ಪಾಲನ್ನ ಔಷಧಿಗೆ ಇಟ್ಟರೆ, ಮೊದಲನೆಯವರಿಗೆ ಎಂಟು ನೂರು, ಎರಡನೆಯವರಿಗೆ ಎಂಟು ಸಾವಿರ. ಊಟ ಕಳೆದು ಉಳಿದದ್ದರಲ್ಲಿ ನೋಡಿದರೆ ಬಡವರ ಮನೆಯಲ್ಲಿ ನೂರಕ್ಕೆ 32, ಉಳ್ಳವರ ಮನೆಯಲ್ಲಿ ಹನ್ನೆರಡೂವರೆ.

ಕಾರ್ಯದರ್ಶಿ: ಇದು ಸ್ವಲ್ಪ ಮನಸ್ಸಿಗೆ ಬರುತ್ತೆ. ಆದರೆ ಊಟ ಕಳೆದರೆ ಸಾಕಾ? ಬಾಡಿಗೆ? ಕರೆಂಟು? ಬೆಂಗಳೂರಲ್ಲಿ ಗಾರ್ಮೆಂಟ್ಸಿಗೆ ಹೋಗೋ ನಮ್ಮೂರ ಹೆಣ್ಮಕ್ಕಳು ಅರ್ಧ ಸಂಬಳ ಬಾಡಿಗೆಗೇ ಕಟ್ತಾರೆ.

ಸಂಶೋಧಕಿ: ಯುರೋಪಿನ ವಿಶ್ವ ಆರೋಗ್ಯ ಸಂಸ್ಥೆ ಕಚೇರಿಯವರು ಬಾಡಿಗೆ, ನೀರು, ಕರೆಂಟು, ಒಲೆ ಎಲ್ಲ ಸೇರಿಸಿ ಕಳೀತಾರೆ. 2025ರಲ್ಲಿ ವಿಶ್ವಸಂಸ್ಥೆಯ ಸೂಚ್ಯಂಕವನ್ನೇ ತಿದ್ದಿದರು. ಹತ್ತು, ಇಪ್ಪತ್ತೈದರ ಗೆರೆ ಹೋಯಿತು. ಬಡತನ ರೇಖೆಯಷ್ಟನ್ನ ಮೊದಲು ಬದಿಗಿಟ್ಟು, ಮಿಕ್ಕ ಹಣದಲ್ಲಿ ನೂರಕ್ಕೆ ನಲವತ್ತು ಮೀರಿದರೆ ಈಗ ಲೆಕ್ಕಕ್ಕೆ ಬರುತ್ತೆ. ಮಿಕ್ಕೋದೇ ಇಲ್ಲದ ಮನೆ ಒಂದು ಪ್ಯಾರಾಸಿಟಮಾಲ್ ಮಾತ್ರೆಗೆ ಕಾಸು ಕೊಟ್ಟರೂ ಲೆಕ್ಕಕ್ಕೆ ಬರುತ್ತೆ. ಹಳೇ ಲೆಕ್ಕದಲ್ಲಿ ಒಂದು ಅವಮಾನ ಇತ್ತು. ‘ಆರೋಗ್ಯ ವೆಚ್ಚದಿಂದ ಬಡತನಕ್ಕೆ ತಳ್ಳಲ್ಪಟ್ಟವರು’ ಅಂತ ಇನ್ನೊಂದು ಎಣಿಕೆ ಇದೆ. ಖರ್ಚಿಗೆ ಮುಂಚೆ ರೇಖೆಯ ಮೇಲಿದ್ದು, ಖರ್ಚಿನ ನಂತರ ಕೆಳಗೆ ಬಿದ್ದವರನ್ನ ಮಾತ್ರ ಎಣಿಸೋದು. ಮೊದಲೇ ಕೆಳಗಿದ್ದವರನ್ನ ಅದು ಹಿಡೀತಿರಲಿಲ್ಲ.

ಕಾರ್ಯದರ್ಶಿ: ಬಿದ್ದಿರೋನು ಮತ್ತೆ ಎಲ್ಲಿಗೆ ಬೀಳ್ತಾನೆ ಅಂತ!

ಸಂಶೋಧಕಿ: ಹಾಗೇ. ಆಮೇಲಾಮೇಲೆ ‘ಇನ್ನಷ್ಟು ಆಳಕ್ಕೆ ಬಿದ್ದವರು’ ಅಂತ ಬೇರೆ ಎಣಿಸೋಕೆ ಶುರು ಮಾಡಿದರು.

ಕಾರ್ಯದರ್ಶಿ: ಸರಿ. ಈಗ ನನ್ನ ಅಳತೆಗೋಲು ತೋರಿಸ್ತೀನಿ ಬಾ. ಇದು ಒಡವೆ ಸಾಲದ ರಿಜಿಸ್ಟರು. ಯಾರ ಮನೇಲಿ ಯಾವಾಗ ಆಸ್ಪತ್ರೆ ಆಯ್ತು ಅಂತ ನಾನು ಇದನ್ನ ನೋಡಿ ಹೇಳಬಲ್ಲೆ. ಬಿತ್ತನೆ ಹೊತ್ತಿಗೆ ಬರೋ ಸಾಲ ಬೇರೆ, ಜೂನ್ ತಿಂಗಳಲ್ಲಿ ಶಾಲೆ ಫೀಸಿಗೆ ಬರೋದು ಬೇರೆ. ನಡುವೆ, ಹೊತ್ತಲ್ಲದ ಹೊತ್ತಲ್ಲಿ, ಬೆಳಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಮೆಟ್ಟಿಲ ಮೇಲೆ ಒಬ್ಬ ಕೂತಿರ್ತಾನೆ, ಕರವಸ್ತ್ರದಲ್ಲಿ ಸರ ಕಟ್ಟಿಕೊಂಡು. ಅದು ಆಸ್ಪತ್ರೆ. ಕೇಳೋದೇ ಬೇಡ.

ಸಂಶೋಧಕಿ: ಇಲ್ಲಿ ‘ಉದ್ದೇಶ’ ಅಂತ ಒಂದು ಕಾಲಂ ಇದೆಯಲ್ಲ. ಎಲ್ಲ ‘ಕೃಷಿ’, ‘ಕೃಷಿ’, ‘ಕೃಷಿ’.

ಕಾರ್ಯದರ್ಶಿ: ಕೃಷಿ ಅಂದರೆ ಬಡ್ಡಿ ಕಡಿಮೆ. ಆಸ್ಪತ್ರೆ ಅಂತ ಬರೆದರೆ ಅವನಿಗೇ ನಷ್ಟ.

ಸಂಶೋಧಕಿ: ಅಂದರೆ ಈ ಪುಸ್ತಕ ಓದಿ ಯಾರಾದರೂ ವರದಿ ಬರೆದರೆ, ಊರಿನ ವ್ಯವಸಾಯಕ್ಕೆ ಸಾಲ ಚೆನ್ನಾಗಿ ಹರೀತಿದೆ ಅಂತ ಬರೀತಾರೆ.

ಕಾರ್ಯದರ್ಶಿ: ಬರೀಲಿ ಬಿಡು. ನಾನು ಕೇಳೋದು ಏನಂದರೆ, ನಿನ್ನ ನೂರಕ್ಕೆ ಹತ್ತು, ನೂರಕ್ಕೆ ಇಪ್ಪತ್ತೈದರಲ್ಲಿ ಈ ಸರ ಎಲ್ಲಿದೆ?

ಸಂಶೋಧಕಿ: ಎಲ್ಲೂ ಇಲ್ಲ. ನಿಜ ಹೇಳಬೇಕಂದರೆ, ಅದಕ್ಕಿಂತ ಕೆಟ್ಟದ್ದು ಆಗುತ್ತೆ. ಒಂದು ಮನೆ ಮಾಮೂಲಿ ವರ್ಷದಲ್ಲಿ ಒಂದೂವರೆ ಲಕ್ಷ ಖರ್ಚು ಮಾಡುತ್ತೆ ಅಂತ ಇಟ್ಟುಕೊಳ್ಳಿ. ಈ ವರ್ಷ ಆಪರೇಷನ್ನಿಗೆ ನಲವತ್ತು ಸಾವಿರ ಸಾಲ ತಂದು ಕಟ್ಟಿದರು. ಮಾಮೂಲಿ ಖರ್ಚಿನ ಎದುರು ಇಟ್ಟರೆ ನೂರಕ್ಕೆ ಇಪ್ಪತ್ತಾರು ಮುಕ್ಕಾಲರ ಹತ್ತಿರ, ಇಪ್ಪತ್ತೈದರ ಗೆರೆ ದಾಟಿತು. ಆದರೆ ಸಮೀಕ್ಷೆಯವರು ಈ ವರ್ಷದ ಒಟ್ಟು ಖರ್ಚು ಕೇಳ್ತಾರೆ. ಅದರಲ್ಲಿ ಆ ನಲವತ್ತು ಸಾವಿರವೂ ಸೇರಿ ಒಂದು ಲಕ್ಷ ತೊಂಬತ್ತು ಸಾವಿರ ಆಗಿರುತ್ತೆ. ಈಗ ಭಾಗ ಹಾಕಿದರೆ ನೂರಕ್ಕೆ ಇಪ್ಪತ್ತೊಂದು. ಗೆರೆಯ ಒಳಗೇ ಇದ್ದಾರೆ.

ಕಾರ್ಯದರ್ಶಿ: ಸಾಲ ತಂದಿದ್ದಕ್ಕೆ ಸಾಹುಕಾರ ಆದ!

ಸಂಶೋಧಕಿ: ಕಾಗದದ ಮೇಲೆ ಆ ವರ್ಷ ಒಂದು ಮೆಟ್ಟಿಲು ಮೇಲೆ ಹತ್ತಿದ. ಮುಂದಿನ ವರ್ಷ ಬಡ್ಡಿ ಕಟ್ಟೋಕೆ ಮಗನ ಶಾಲೆ ಬಿಡಿಸಿದರೆ, ಊಟದಲ್ಲಿ ಹಾಲು, ಮೊಟ್ಟೆ ನಿಂತರೆ, ಅದು ಆರೋಗ್ಯದ ಖರ್ಚಲ್ಲ. ಬಡ್ಡಿಯನ್ನ ಆರೋಗ್ಯ ವೆಚ್ಚ ಅಂತ ಯಾರೂ ಬರೆದುಕೊಳ್ಳೋದಿಲ್ಲ.

ಕಾರ್ಯದರ್ಶಿ: ನಮ್ಮಲ್ಲಿ ಸಿಕ್ಕರೆ ಪರವಾಗಿಲ್ಲ. ಸಿಗದವನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತರ್ತಾನೆ. ತಿಂಗಳಿಗೆ. ನಲವತ್ತು ಸಾವಿರಕ್ಕೆ ತಿಂಗಳಿಗೆ ಸಾವಿರದ ಇನ್ನೂರು, ವರ್ಷಕ್ಕೆ ಹದಿನಾಲ್ಕು ಸಾವಿರದ ನಾನೂರು. ಅಸಲು ಹಾಗೇ ಇರುತ್ತೆ. ಮೂರು ವರ್ಷದಲ್ಲಿ ಬಡ್ಡಿಯೇ ಆಪರೇಷನ್ನಿಗಿಂತ ಜಾಸ್ತಿ ಆಗುತ್ತೆ. ಆಸ್ಪತ್ರೆ ಬಿಲ್ಲು ಮುಗಿದು ಹೋಗಿರುತ್ತೆ, ಮನೆ ಬಿಲ್ಲು ಮುಗಿಯಲ್ಲ.

ಸಂಶೋಧಕಿ: ಇದಕ್ಕೇ ಕೆಲವರು ನೂರಕ್ಕೆ ಇಷ್ಟು ಅನ್ನೋದನ್ನ ಬಿಟ್ಟು, ‘ದುಡ್ಡು ಎಲ್ಲಿಂದ ತಂದಿರಿ?’ ಅನ್ನೋ ಪ್ರಶ್ನೆಯನ್ನೇ ಅಳತೆ ಮಾಡಿಕೊಂಡಿದ್ದಾರೆ. ಸಾಲ, ಆಸ್ತಿ ಮಾರಾಟ, ನೆಂಟರಿಷ್ಟರ ಸಹಾಯ, ಇವು ಸಂಕಟದ ಹಣ. ಮಾದರಿ ಸಮೀಕ್ಷೆಯಲ್ಲೂ ಆ ಪ್ರಶ್ನೆ ಇದೆ. 2017-18ರಲ್ಲಿ ಹಳ್ಳಿಗಳಲ್ಲಿ ಆಸ್ಪತ್ರೆಗೆ ಸೇರಿದ ಪ್ರಕರಣಗಳಲ್ಲಿ ಶೇಕಡಾ 80ರ ಹತ್ತಿರ ಆದಾಯ ಇಲ್ಲವೇ ಉಳಿತಾಯದಿಂದ ಕಟ್ಟಿದ್ದು, ಶೇಕಡಾ 13ಕ್ಕಿಂತ ಸ್ವಲ್ಪ ಹೆಚ್ಚು ಸಾಲದಿಂದ. ನಗರಗಳಲ್ಲಿ ಸಾಲದ ಪಾಲು ಶೇಕಡಾ ಎಂಟೂವರೆ.

ಕಾರ್ಯದರ್ಶಿ: ಬರೀ ಹದಿಮೂರಾ? ನಂಬೋಕೆ ಆಗ್ತಿಲ್ಲ.

ಸಂಶೋಧಕಿ: ಅದು ಮುಖ್ಯ ಮೂಲದ ಲೆಕ್ಕ. ಮೂವತ್ತು ಸಾವಿರದಲ್ಲಿ ಹದಿನೆಂಟು ಮನೆಯಲ್ಲಿದ್ದದ್ದು, ಹನ್ನೆರಡು ಸಾಲ ಅಂದರೆ ಮುಖ್ಯ ಮೂಲ ಉಳಿತಾಯ ಅಂತ ಆಗುತ್ತೆ. ಮನೆಯಲ್ಲಿದ್ದದ್ದು ಅಂದರೇನು ಅನ್ನೋದೂ ಪ್ರಶ್ನೆಯೇ. ಮಗಳ ಮದುವೆಗೆ ಅಂತ ಹಾಕಿದ್ದ ಚೀಟಿ ಹಣ, ಬೀಜಕ್ಕೆ ಅಂತ ಇಟ್ಟಿದ್ದ ಹಣ ಕೂಡ ಉಳಿತಾಯವೇ.

ಕಾರ್ಯದರ್ಶಿ: ಆ ಹಣಕ್ಕೆ ಮೊದಲೇ ಹೆಸರಿಟ್ಟಿರ್ತಾರೆ ಕಣಮ್ಮ. ಅದನ್ನ ಉಳಿತಾಯ ಅನ್ನೋಕಾಗಲ್ಲ.

ಸಂಶೋಧಕಿ: ಒಪ್ಪಿದೆ. ಇನ್ನೊಂದು ವಿಷಯ ಹೇಳ್ತೀನಿ, ನನ್ನ ಕೆಲಸದಲ್ಲಿ ನನಗೆ ಬಹಳ ಕಾಡೋದು ಅದೇ. ಸೊನ್ನೆ.

ಕಾರ್ಯದರ್ಶಿ: ಯಾವ ಸೊನ್ನೆ?

ಸಂಶೋಧಕಿ: ‘ಆರೋಗ್ಯಕ್ಕೆ ಎಷ್ಟು ಖರ್ಚಾಯ್ತು?’ ಅಂದರೆ ‘ಏನೂ ಇಲ್ಲ’ ಅನ್ನೋ ಮನೆ. ಆ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿರಬಹುದು. ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಆಗಿರಬಹುದು. ಇಲ್ಲವೇ ಕಾಯಿಲೆ ಇದ್ದೂ ಹೋಗದೇ ಇರಬಹುದು. ಮೂರೂ ಸೊನ್ನೆಯೇ. ನಮ್ಮ ಎಲ್ಲ ಅಳತೆಗಳಲ್ಲೂ ಮೂರೂ ಮನೆಗಳು ‘ರಕ್ಷಣೆ ಇರುವ ಮನೆ’.

ಕಾರ್ಯದರ್ಶಿ: ಮೂರನೇ ಸೊನ್ನೆ ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ಹೆಂಗಸರೇ ಜಾಸ್ತಿ. ಗಂಡನ ಎದೆನೋವಿಗೆ ಹೆಂಡತಿ ಸರ ಇಲ್ಲಿಗೆ ಬರುತ್ತೆ, ಅವಳೇ ಬಿಚ್ಚಿ ಕೊಟ್ಟು ಕಳಿಸಿರ್ತಾಳೆ. ಅವಳ ಗರ್ಭಕೋಶದ ತೊಂದರೆಗೆ ‘ಸುಗ್ಗಿ ಕಳೀಲಿ ನೋಡೋಣ’. ಎಷ್ಟು ಸುಗ್ಗಿ ಕಳೆದವು. ಸಕ್ಕರೆ ಕಾಯಿಲೆ ಮಾತ್ರೆಯನ್ನ ದಿನಕ್ಕೆ ಎರಡು ಅಂದರೆ ಒಂದೇ ನುಂಗೋರು ಇದ್ದಾರೆ, ಹದಿನೈದು ದಿನದ್ದು ತಿಂಗಳು ಬರಲಿ ಅಂತ.

ಸಂಶೋಧಕಿ: ಒಂದೇ ನುಂಗಿದರೆ ಅವರ ಖರ್ಚು ಅರ್ಧ ಆಯ್ತು. ಸೂಚ್ಯಂಕ ಸುಧಾರಿಸಿತು.

ಕಾರ್ಯದರ್ಶಿ: ನಾಲ್ಕು ವರ್ಷ ಬಿಟ್ಟು ಕಾಲು ತೆಗೆದಾಗ ಹದಗೆಡುತ್ತೆ.

ಸಂಶೋಧಕಿ: ಆಗಲೂ ಆ ಒಂದು ವರ್ಷ ಮಾತ್ರ. ಮಾತ್ರೆ ಅಂದಿರಲ್ಲ, ಅಲ್ಲಿ ಇನ್ನೊಂದು ತೊಡಕಿದೆ. ಆಸ್ಪತ್ರೆಗೆ ಸೇರಿದ್ದನ್ನ ಹಿಂದಿನ 365 ದಿನಕ್ಕೆ ಕೇಳ್ತಾರೆ, ಜನ ಮರೆಯೋದಿಲ್ಲ ಅಂತ. ಸೇರದೇ ಪಡೆದ ಚಿಕಿತ್ಸೆಯನ್ನ ಹಿಂದಿನ 15 ದಿನಕ್ಕೆ ಮಾತ್ರ ಕೇಳ್ತಾರೆ, ಅದಕ್ಕಿಂತ ಹಿಂದಿನದು ನೆನಪಿರೋದಿಲ್ಲ ಅಂತ. ಆ ಹದಿನೈದು ದಿನದ್ದನ್ನ ವರ್ಷಕ್ಕೆ ಹಿಗ್ಗಿಸೋಕೆ ಸುಮಾರು ಇಪ್ಪತ್ನಾಲ್ಕರಿಂದ ಗುಣಿಸ್ತಾರೆ. ತಿಂಗಳಿಗೊಮ್ಮೆ ಐನೂರು ರೂಪಾಯಿ ಬಿಪಿ ಮಾತ್ರೆ ತರೋರು ಆ ಹದಿನೈದು ದಿನದೊಳಗೆ ತಂದಿದ್ದರೆ ವರ್ಷಕ್ಕೆ ಹನ್ನೆರಡು ಸಾವಿರ. ಅದಕ್ಕೂ ಮುಂಚೆ ತಂದಿದ್ದರೆ ಸೊನ್ನೆ. ನಿಜವಾದ ಖರ್ಚು ಆರು ಸಾವಿರ. ಊರಿನ ಸರಾಸರಿ ಸರಿಹೋಗುತ್ತೆ. ಆದರೆ ಯಾರು ಗೆರೆ ದಾಟಿದರು ಅನ್ನೋದು ಸರಾಸರಿಯ ಪ್ರಶ್ನೆಯಲ್ಲ, ಮನೆ ಮನೆಯ ಪ್ರಶ್ನೆ. ಅಲ್ಲಿ ಕೆಡುತ್ತೆ.

ಕಾರ್ಯದರ್ಶಿ: ನೀನು ನಿನ್ನ ವಿದ್ಯೆಯನ್ನೇ ಕೆಡವುತ್ತಾ ಇದೀಯ.

ಸಂಶೋಧಕಿ: ಕೆಡವುತ್ತಿಲ್ಲ. ಈ ತೊಡಕು ಗೊತ್ತಿಲ್ಲದೆ ಅಂಕಿ ಓದೋರ ಕೈಗೆ ಅದು ಸಿಗಬಾರದು ಅಷ್ಟೆ. ಔಷಧಿಯ ಭಾರವನ್ನ ಇದೇ ಸಮೀಕ್ಷೆಗಳು ತೋರಿಸಿಕೊಟ್ಟಿದ್ದು. 2011-12ರ ಅಂಕಿಗಳನ್ನ ಇಟ್ಟುಕೊಂಡು 2018ರಲ್ಲಿ ಬಂದ ಒಂದು ಅಧ್ಯಯನ, ಆರೋಗ್ಯ ವೆಚ್ಚದಿಂದ ಬಡತನ ರೇಖೆಯ ಕೆಳಗೆ ಬಿದ್ದವರು ಐದೂವರೆ ಕೋಟಿ ಅಂದಿತು. ಬರೀ ಔಷಧಿ ಖರ್ಚಿನಿಂದಲೇ ಬಿದ್ದವರು ಮೂರು ಕೋಟಿ ಎಂಬತ್ತು ಲಕ್ಷ. ನಾವು ಮಾತಾಡೋದೆಲ್ಲ ಆಪರೇಷನ್, ಐಸಿಯು. ಮನೆಗಳನ್ನ ಸದ್ದಿಲ್ಲದೆ ಸವೆಸೋದು ಮೆಡಿಕಲ್ ಸ್ಟೋರಿನ ಚೀಟಿ.

ಕಾರ್ಯದರ್ಶಿ: ಯೋಜನೆಗಳೆಲ್ಲ ಆಪರೇಷನ್ನಿಗೇ ಅಲ್ವಾ. ಯಶಸ್ವಿನಿ 2003ರಲ್ಲಿ ಶುರುವಾದಾಗ ವರ್ಷಕ್ಕೆ ತಲೆಗೆ ಅರವತ್ತು ರೂಪಾಯಿ, ಸಹಕಾರ ಸಂಘದ ಸದಸ್ಯರ ಮೂಲಕವೇ ಕಟ್ಟಿಸಿಕೊಳ್ಳೋದು. ಆಗ ಹಳ್ಳಿಯವನಿಗೆ ಹೃದಯದ ಆಪರೇಷನ್ ಅಂದರೆ ಕತೆ ಮಾತು, ಅದನ್ನ ಕೈಗೆ ಎಟುಕಿಸಿದರು. ಅದನ್ನ ಯಾರೂ ಸಣ್ಣದು ಅನ್ನಬಾರದು. 2018ರಲ್ಲಿ ನಿಂತಿತು, 2022ರಲ್ಲಿ ಮತ್ತೆ ತಂದರು. ಆದರೆ ಆಪರೇಷನ್ ಆದ ಮೇಲೆ ಜೀವನಪೂರ್ತಿ ನುಂಗಬೇಕಲ್ಲ, ಆ ಮಾತ್ರೆ ಅವನ ಜೇಬಿನದೇ.

ಸಂಶೋಧಕಿ: ಯೋಜನೆಗಳು ಹೊರೆ ಇಳಿಸಿದವಾ ಅನ್ನೋದನ್ನ ಅಳೆದವರಿದ್ದಾರೆ, ಅದೂ ನಮ್ಮ ರಾಜ್ಯದಲ್ಲೇ. ಬಡವರಿಗೆ ದೊಡ್ಡಾಸ್ಪತ್ರೆಯ ಚಿಕಿತ್ಸೆಯನ್ನ ಬಿಟ್ಟಿ ಕೊಡೋ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಬಂದದ್ದು ಗುಲ್ಬರ್ಗ ವಿಭಾಗಕ್ಕೆ. ಎಲ್ಲ ಜಿಲ್ಲೆಗೂ ಒಂದೇ ಸಲ ಬರಲಿಲ್ಲ. ಸಂಶೋಧಕರಿಗೆ ಅದೇ ಅನುಕೂಲ ಆಯ್ತು. ಯೋಜನೆ ಬಂದ ಭಾಗದ ಅಂಚಿನ ಹಳ್ಳಿಗಳು, ಗಡಿಯ ಆಚೆ ಇನ್ನೂ ಬರದ ಭಾಗದ ಹಳ್ಳಿಗಳು, ಒಟ್ಟು 572 ಹಳ್ಳಿಗಳನ್ನ ಹೋಲಿಸಿದರು. ಎರಡೂ ಕಡೆ ಒಂದೇ ಥರದ ಜನ, ಒಂದೇ ಥರದ ಬೇಸಾಯ. ಯೋಜನೆ ಇದ್ದ ಕಡೆ ಬಡವರ ಮನೆಗಳಲ್ಲಿ, ಯೋಜನೆಗೆ ಒಳಪಟ್ಟ ಹೃದ್ರೋಗ, ಕ್ಯಾನ್ಸರಿನಂಥ ಕಾಯಿಲೆಗಳ ಸಾವು ಶೇಕಡಾ 64ರಷ್ಟು ಕಡಿಮೆ. ದೊಡ್ಡಾಸ್ಪತ್ರೆಗೆ ಸೇರಿದಾಗ ಜೇಬಿನಿಂದ ಹೋಗುವ ಖರ್ಚು ಶೇಕಡಾ 34ರಷ್ಟು ಕಡಿಮೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು.

ಕಾರ್ಯದರ್ಶಿ: ಸಾವು ಅರ್ಧಕ್ಕಿಂತ ಹೆಚ್ಚು ಇಳೀತು, ಖರ್ಚು ಮೂರನೇ ಒಂದು ಪಾಲು ಇಳೀತು. ಎಲ್ಲ ಬಿಟ್ಟಿ ಅಂದಮೇಲೆ ಮಿಕ್ಕ ಎರಡು ಪಾಲು ಯಾಕೆ ಉಳೀತು?

ಸಂಶೋಧಕಿ: ಒಳ್ಳೇ ಪ್ರಶ್ನೆ. ಪ್ಯಾಕೇಜಿಗೆ ಮುಂಚಿನ ಪರೀಕ್ಷೆಗಳು, ಹೊರಗೆ ಬರೆದುಕೊಟ್ಟ ಔಷಧಿ, ಓಡಾಟ. ಕಾರ್ಡಿದ್ದೂ ಬಳಸೋಕೆ ಬಾರದವರೂ ಇರ್ತಾರೆ. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಮೇಲೆ ಕರ್ನಾಟಕದಲ್ಲೇ ಒಂದು ದೊಡ್ಡ ಪ್ರಯೋಗ ನಡೀತು, 435 ಹಳ್ಳಿ, 10,879 ಮನೆ. ಆ ವಿಮೆಯನ್ನ ಬಿಟ್ಟಿ ಕೊಟ್ಟ ಕಡೆ ನೂರಕ್ಕೆ ಎಪ್ಪತ್ತೆಂಟು ಮನೆಗಳಿಗೂ ಮಿಕ್ಕು ಸೇರಿದವು. ಆದರೆ ಆಸ್ಪತ್ರೆಗೆ ಹೋದಾಗ ಅದನ್ನ ಬಳಸಲಾಗದೆ ವಾಪಸಾದವರು ಬಹಳ.

ಕಾರ್ಯದರ್ಶಿ: ಸರ್ಕಾರದವರು ಹೇಳೋದು ಬೇರೆ. ಜನರ ಜೇಬಿನ ಖರ್ಚು ಇಳಿದಿದೆ ಅಂತ ಪೇಪರಿನಲ್ಲಿ ಓದಿದೆ.

ಸಂಶೋಧಕಿ: ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಮಾತು ಅದು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನ ಪಾಲು 2013-14ರಲ್ಲಿ ಶೇಕಡಾ 64.2 ಇತ್ತು, 2021-22ಕ್ಕೆ ಶೇಕಡಾ 39.4ಕ್ಕೆ ಇಳಿದಿದೆ. ಸರ್ಕಾರದ ಪಾಲು ಹೆಚ್ಚಿರೋದು ನಿಜ, ಒಳ್ಳೇದೂ ಹೌದು. ಆದರೆ ಇದು ದೇಶದ ಲೆಕ್ಕ, ಮನೆಯ ಲೆಕ್ಕ ಅಲ್ಲ. ಒಟ್ಟು ನೂರು ರೂಪಾಯಿಯಲ್ಲಿ ಜನ ಅರವತ್ತು ಕೊಡ್ತಿದ್ದರು ಅನ್ನಿ. ಒಟ್ಟು ಇನ್ನೂರಾಗಿ ಜನ ಎಂಬತ್ತು ಕೊಟ್ಟರೆ ಪಾಲು ಅರವತ್ತರಿಂದ ನಲವತ್ತಕ್ಕೆ ಇಳೀತು, ಕೊಟ್ಟ ರೂಪಾಯಿ ಏರಿತು. ಆ ಎಂಬತ್ತನ್ನ ಯಾರು ಕೊಟ್ಟರು ಅನ್ನೋದಂತೂ ಅಲ್ಲಿ ಕಾಣೋದೇ ಇಲ್ಲ. ಎಲ್ಲರೂ ಸಮನಾಗಿ ಕೊಟ್ಟರೋ, ನೂರರಲ್ಲಿ ಹತ್ತು ಮನೆ ಪೂರ್ತಿ ಕೊಟ್ಟು ಮುಳುಗಿದವೋ, ಎರಡಕ್ಕೂ ಒಂದೇ ಸಂಖ್ಯೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಬೇರೆ ಮಾತು ಕೊಟ್ಟಿತ್ತು. ಮನೆ ಮುಳುಗಿಸುವ ವೆಚ್ಚಕ್ಕೆ ಸಿಕ್ಕಿಬಿದ್ದ ಮನೆಗಳ ಪ್ರಮಾಣವನ್ನ 2025ರೊಳಗೆ ಆಗಿನ ಮಟ್ಟದಿಂದ ಶೇಕಡಾ 25ರಷ್ಟು ಇಳಿಸ್ತೀವಿ ಅಂತ. ಲೆಕ್ಕ ಒಪ್ಪಿಸಬೇಕಾದ್ದು ಆ ಮಾತಿಗೆ.

ಕಾರ್ಯದರ್ಶಿ: ಇಷ್ಟೆಲ್ಲ ಹೇಳಿದೆ, ಕೂಲಿಯ ಮಾತು ಎತ್ತಲೇ ಇಲ್ಲ ನೀನು. ನಮ್ಮೂರ ಥರದ ಊರಿಂದ ಒಬ್ಬ ಮಂಡ್ಯಕ್ಕೆ ಡಯಾಲಿಸಿಸ್‌ಗೆ ಹೋಗ್ತಾನೆ ಅಂತ ಇಟ್ಟುಕೋ. ಸರ್ಕಾರಿ ಆಸ್ಪತ್ರೆ, ಡಯಾಲಿಸಿಸ್ ಬಿಟ್ಟಿ. ವಾರಕ್ಕೆ ಎರಡು ಸಲ. ಒಬ್ಬನೇ ಹೋಗೋಕಾಗಲ್ಲ, ಹೆಂಡತಿ ಜೊತೆಗೆ. ಅವಳಿಗೆ ಶಕ್ತಿ ಯೋಜನೆಯಲ್ಲಿ ಬಸ್ಸೂ ಬಿಟ್ಟಿ. ಈಗ ನಿನ್ನ ಲೆಕ್ಕದಲ್ಲಿ ಖರ್ಚು ಎಷ್ಟು?

ಸಂಶೋಧಕಿ: ಚಿಕಿತ್ಸೆಗೆ ಸೊನ್ನೆ. ಅವರ ಟಿಕೆಟ್ಟು, ಅಲ್ಲಿ ಊಟ, ಅಷ್ಟನ್ನ ಚಿಕಿತ್ಸೆಯೇತರ ಅಂತ ಬೇರೆ ಬರೆದುಕೊಳ್ತಾರೆ.

ಕಾರ್ಯದರ್ಶಿ: ಅವಳು ವರ್ಷಕ್ಕೆ ನೂರ ನಾಲ್ಕು ದಿನ ಕೆಲಸ ಬಿಟ್ಟಳಲ್ಲ? ಉದ್ಯೋಗ ಖಾತರಿ ಕೂಲಿ, 2025-26ರಲ್ಲಿ ದಿನಕ್ಕೆ 370 ರೂಪಾಯಿ, ಅದನ್ನೇ ಹಿಡಿ. ಮೂವತ್ತೆಂಟು ಸಾವಿರದ ನಾನೂರ ಎಂಬತ್ತು. ಗಂಡ ದುಡಿಮೆ ನಿಲ್ಲಿಸಿದ್ದನ್ನ ನಾನು ಸೇರಿಸೇ ಇಲ್ಲ. ಇದು ಹೊರೆ ಅಲ್ಲವಾ?

ಸಂಶೋಧಕಿ: ಹೊರೆಯೇ. ಬಿಟ್ಟಿ ಚಿಕಿತ್ಸೆ ಹೆಚ್ಚಿದಷ್ಟೂ ಹೊರೆಯ ತೂಕ ಬಿಲ್ಲಿನಿಂದ ಕೂಲಿಯ ಕಡೆಗೆ ಸರಿಯುತ್ತೆ. ನಮ್ಮ ಸಾಮಾನ್ಯ ಅಳತೆಗಳು ಬಿಲ್ಲಿನ ಕಡೆಯೇ ನೋಡ್ತಾ ನಿಂತಿವೆ. ಆದರೆ ಒಂದು ಕಾಯಿಲೆಗೆ ಮಾತ್ರ ಇದನ್ನ ಸರಿಯಾಗಿ ಮಾಡಿದ್ದಾರೆ. ಕ್ಷಯ.

ಕಾರ್ಯದರ್ಶಿ: ಟಿಬಿಗಾ? ಟಿಬಿ ಔಷಧಿ ಯಾವತ್ತಿಂದಲೋ ಬಿಟ್ಟಿ ಅಲ್ವಾ?

ಸಂಶೋಧಕಿ: ಬಿಟ್ಟಿ ಇದ್ದದ್ದಕ್ಕೇ ಕಣ್ಣಿಗೆ ಬಿತ್ತು. ಔಷಧಿ ಬಿಟ್ಟಿ ಇದ್ದೂ ಕ್ಷಯ ಬಂದ ಮನೆಗಳು ಯಾಕೆ ಕುಸೀತವೆ ಅಂತ ಕೇಳಿಕೊಂಡಾಗ ಉತ್ತರ ಕೂಲಿಯಲ್ಲಿ, ಓಡಾಟದಲ್ಲಿ, ಊಟದಲ್ಲಿ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಷಯ ನಿರ್ಮೂಲನ ಕಾರ್ಯಯೋಜನೆಯಲ್ಲಿ ಬಿಲ್ಲು, ಬಸ್ಸು, ಊಟ, ಹೋದ ಆದಾಯ ಎಲ್ಲ ಸೇರಿಸ್ತಾರೆ. ಮನೆಯ ವರ್ಷದ ಆದಾಯದಲ್ಲಿ ಅದು ಶೇಕಡಾ 20 ಮೀರಿದರೆ ಮನೆ ಮುಳುಗಿತು ಅಂತ. 2020ರ ಹೊತ್ತಿಗೆ ಅಂಥ ಮನೆ ಒಂದೂ ಇರಬಾರದು ಅಂತ ಗುರಿ ಇಟ್ಟಿದ್ದರು. ಗುರಿ ತಲುಪಲಿಲ್ಲ. ಆದರೆ ಹಾಗೆ ನೋಡಿದ್ದರಿಂದ ರೋಗಿಯ ಕೈಗೇ ಹಣ ಕೊಡಬೇಕು ಅನ್ನೋ ಮಾತಿಗೆ ಬಲ ಬಂತು. ನಮ್ಮಲ್ಲಿ 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಕ್ಷಯ ರೋಗಿಗೆ ತಿಂಗಳಿಗೆ ಐನೂರು ಕೊಟ್ಟರು, 2024ರ ನವೆಂಬರ್‌ನಿಂದ ಅದು ಸಾವಿರ. ಯಾವುದನ್ನ ಅಳೀತೀವೋ ಅದಕ್ಕೇ ದುಡ್ಡು ಬರೋದು ಚಿಕ್ಕಪ್ಪ.

ಕಾರ್ಯದರ್ಶಿ: ಟಿಬಿಗೆ ಮಾಡೋದನ್ನ ಕಿಡ್ನಿಗೆ, ಕ್ಯಾನ್ಸರಿಗೆ, ಲಕ್ವಕ್ಕೆ ಯಾಕೆ ಮಾಡಲ್ಲ?

ಸಂಶೋಧಕಿ: ಕಷ್ಟ ಇದೆ. ಸಂಬಳದವರ ರಜೆ ಎಣಿಸಬಹುದು. ರೈತ ಮಲಗಿದರೆ ನಷ್ಟ ಎಷ್ಟು? ಹೆಂಡತಿ ಹೊಲಕ್ಕೆ ಹೋದಳು, ಮಗ ಕಾಲೇಜಿಗೆ ಹೋಗಲಿಲ್ಲ, ಫಸಲು ಹೇಗೋ ಬಂತು. ಕಾಗದದ ಮೇಲೆ ನಷ್ಟ ಇಲ್ಲ. ಕ್ಷಯದ ಸಮೀಕ್ಷೆ ಮಾಡೋರು ಚಿಕಿತ್ಸೆಯಲ್ಲಿರುವ ರೋಗಿಯನ್ನೇ ಹುಡುಕಿ ಕೂತು ಮಾತಾಡ್ತಾರೆ. ಮಾದರಿ ಸಮೀಕ್ಷೆಯವರು ಲಕ್ಷಕ್ಕೂ ಹೆಚ್ಚು ಮನೆಗೆ ಹೋಗಬೇಕು. ಆದರೂ, ಆಗಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಎಲ್ಲ ಮನೆಗೂ ಬೇಡ. ಆಸ್ಪತ್ರೆಗೆ ಸೇರಿದ್ದೀವಿ ಅಂತ ಹೇಳಿದ ಮನೆಗಳಲ್ಲಿ ಒಂದು ಪಾಲಿಗಾದರೂ ಒಂದು ವರ್ಷ ಬಿಟ್ಟು, ಎರಡು ವರ್ಷ ಬಿಟ್ಟು ಮತ್ತೆ ಹೋಗಬೇಕು. ಸಾಲ ತೀರಿತಾ, ಹಸು ಇದೆಯಾ, ಮಗ ಶಾಲೆಗೆ ವಾಪಸ್ ಹೋದನಾ. ಅನಿರುದ್ಧ ಕೃಷ್ಣ ಅಂತ, ಮೊದಲು ಐಎಎಸ್ ಅಧಿಕಾರಿಯಾಗಿದ್ದವರು, ರಾಜಸ್ಥಾನದಿಂದ ಶುರುಮಾಡಿ ಕೀನ್ಯಾ, ಉಗಾಂಡ, ಪೆರುವಿನ ತನಕ ಹಳ್ಳಿಗಳಲ್ಲಿ ಜನರನ್ನೇ ಕೂರಿಸಿ ಕೇಳಿದರು, ಇಷ್ಟು ವರ್ಷದಲ್ಲಿ ಯಾವ ಮನೆ ಮೇಲೆ ಬಂತು, ಯಾವ ಮನೆ ಕೆಳಗೆ ಹೋಯ್ತು, ಯಾಕೆ ಅಂತ. ಕೆಳಗೆ ಹೋದ ಮನೆಗಳ ಕತೆಯಲ್ಲಿ ಮತ್ತೆ ಮತ್ತೆ ಬಂದದ್ದು ಕಾಯಿಲೆ. ಅಂಕಿಸಂಖ್ಯೆ ಇಲಾಖೆಗೆ ಅದು ಗೊತ್ತಿರಲಿಲ್ಲ, ಊರವರಿಗೆ ಗೊತ್ತಿತ್ತು.

ಕಾರ್ಯದರ್ಶಿ: ಹಾಗಾದರೆ ನನ್ನ ರಿಜಿಸ್ಟರಿನ ಕಾಲಂನಲ್ಲಿ ನಿಜ ಬರೆಸಿದರೆ ಏನಾದರೂ ಆಗುತ್ತಾ?

ಸಂಶೋಧಕಿ: ಆಗುತ್ತೆ. ಆದರೆ ಅದಕ್ಕೆ ಮೊದಲು, ನಿಜ ಹೇಳಿದವನಿಗೆ ಬಡ್ಡಿ ಜಾಸ್ತಿ ಬೀಳದ ಹಾಗೆ ನೋಡಿಕೊಳ್ಳಬೇಕು. ಚಿಕಿತ್ಸೆಗೆ ಅಂತ ತೆಗೆದ ಒಡವೆ ಸಾಲಕ್ಕೂ ಕೃಷಿಯ ಬಡ್ಡಿಯೇ ಅಂತ ಒಂದು ಠರಾವು ಆದರೆ ಜನ ಮುಚ್ಚಿಡೋದು ನಿಲ್ಲುತ್ತೆ. ಆಮೇಲೆ ಪ್ರತಿ ವರ್ಷ ಈ ಊರಿನಲ್ಲಿ ಎಷ್ಟು ಗ್ರಾಂ ಚಿನ್ನ ಆಸ್ಪತ್ರೆಗೆ ಹೋಯ್ತು, ಎಷ್ಟು ವಾಪಸ್ ಬಂತು, ಎಷ್ಟು ಹರಾಜಾಯ್ತು ಅಂತ ಯಾರು ಬೇಕಾದರೂ ಓದಬಹುದು. ಅಷ್ಟು ನೇರವಾದ ಅಳತೆ ನನ್ನ ಕೈಯಲ್ಲಿ ಯಾವ ಸಮೀಕ್ಷೆಯಲ್ಲೂ ಇಲ್ಲ.

ಕಾರ್ಯದರ್ಶಿ: ಬಡ್ಡಿ ರಿಯಾಯಿತಿ ಸರ್ಕಾರದ್ದು, ನನ್ನ ಕೈಯಲ್ಲಿಲ್ಲ. ಸೆಪ್ಟೆಂಬರಿನಲ್ಲಿ ವಾರ್ಷಿಕ ಮಹಾಸಭೆ ಇದೆ. ಸದಸ್ಯರ ಮುಂದೆ ಇಡ್ತೀನಿ, ಡಿಸಿಸಿ ಬ್ಯಾಂಕಿಗೆ ಬರೆಯೋಣ ಅಂತ. ಅವರು ಒಪ್ಪಲ್ಲ ಅಂತಲೇ ನನ್ನ ಅಂದಾಜು.

ಸಂಶೋಧಕಿ: ಒಪ್ಪದಿದ್ದರೂ ನಡಾವಳಿ ಪುಸ್ತಕದಲ್ಲಿ ಇರುತ್ತೆ. ಇನ್ನೊಂದು ಮಾತು, ಸಭೆಯಲ್ಲಿ ಇದನ್ನೂ ಹೇಳಿ. ಆರೋಗ್ಯ ಸಮೀಕ್ಷೆಯವರು ಬಂದಾಗ ಜನ ಈಗ ಮನೆಯಲ್ಲಿರುವವರ ಖರ್ಚು ಮಾತ್ರ ಹೇಳ್ತಾರೆ. ಆ ವರ್ಷ ತೀರಿಕೊಂಡವರ ಆಸ್ಪತ್ರೆ ಖರ್ಚನ್ನೂ ಬರೆದುಕೊಳ್ಳೋಕೆ ಸಮೀಕ್ಷೆಯ ನಮೂನೆಯಲ್ಲಿ ಜಾಗ ಇದೆ. ಮನೆಗಳಿಗೆ ಎಲ್ಲಕ್ಕಿಂತ ಹೆಚ್ಚು ಹಣ ಹೋಗಿರೋದು ಎಷ್ಟೋ ಸಲ ಅಲ್ಲೇ, ಸತ್ತವರ ಲೆಕ್ಕ ಯಾಕೆ ಅಂತ ಬಿಟ್ಟುಬಿಡ್ತಾರೆ. ಬಿಡಬೇಡಿ ಅನ್ನಿ. ಮೆಡಿಕಲ್ ಚೀಟಿ, ಬಸ್ ಚಾರ್ಜು, ಎಲ್ಲಿಂದ ಸಾಲ ತಂದಿರಿ, ಎಲ್ಲ ಹೇಳಿ ಅನ್ನಿ. ಆ ಕಾಗದದಲ್ಲಿ ಬರೆಯದ ಹಣಕ್ಕೆ ಯಾವ ಬಜೆಟ್ಟಿನಲ್ಲೂ ಜಾಗ ಸಿಗೋದಿಲ್ಲ.